ಪತಂಗದ ರೆಕ್ಕೆಗೆ ಹಾಕಿದ ತೇಪೆ

ಕುಮಾರ್ತುಲಿಯ ನಮ್ಮ ಓಣಿಯಲ್ಲಿ ಪಾಲ್ ಮನೆತನದವರೆಲ್ಲ ಮೂರ್ತಿ ಮಾಡುವವರು. ಕ್ಷೀರೋದ ಪಾಲ್ ಒಬ್ಬರು ಮಾತ್ರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಟ್ರಾಮ್ ಹಿಡಿದು ಹೋಗುತ್ತಿದ್ದರು. ನಗರದ ಒಂದು ಹಳೆಯ ಸಂಗ್ರಹಾಲಯದಲ್ಲಿ ಕೀಟಗಳ ಚಿತ್ರ ಬರೆಯುವುದು ಅವರ ಕೆಲಸ. ಓಣಿಗೆಲ್ಲ ಅವರು ಹುಳದ ಕಾಕಾ.

"ಕಾಕಾ, ಇವತ್ತು ಎಷ್ಟು ಜಿರಳೆಗೆ ಕಣ್ಣು ಬರೆದ್ರಿ?" ಎಂದು ಚಹಾ ಅಂಗಡಿಯ ಗೋಷ್ಠೋ ದಿನಾ ಕೇಳುತ್ತಿದ್ದ.

"ನಿನ್ನ ಅಂಗಡೀವಕ್ಕೆ ಬರೆಯೋಣ ಅಂತ ಬಂದೆ. ನಿನ್ನ ಚಹಾ ಕುಡಿದು ಎಲ್ಲ ಸತ್ತುಬಿದ್ದಿವೆ ಕಣೋ" ಎಂದು ಕಾಕಾ ನಗುತ್ತಿದ್ದರು.

ಹರೆಯದಲ್ಲಿ ಅವರು ಸರಸ್ವತಿಯ ವೀಣೆಯ ಮೇಲೆ ಬರೆದ ಸಣ್ಣ ಹೂಬಳ್ಳಿಯನ್ನು ಸಂಗ್ರಹಾಲಯದ ಒಬ್ಬ ಅಧಿಕಾರಿ ನೋಡಿದ್ದರಂತೆ. ಇಷ್ಟು ಸಣ್ಣ ಗೆರೆ ಎಳೆಯುವ ಕೈ ನಮಗೆ ಬೇಕು ಎಂದು ಕರೆದುಕೊಂಡು ಹೋದರಂತೆ. ಆದರೂ ದೇವಿಯ ಪೂಜೆಯ ತಿಂಗಳು ಬಂದರೆ ಕಾಕಾ ಸಂಜೆ ಅಣ್ಣ ಮೂರ್ತಿ ಮಾಡುವ ಕೊಟ್ಟಿಗೆಯಲ್ಲಿ ಕೂರುತ್ತಿದ್ದರು. ಒಣಗುವಾಗ ಮಣ್ಣು ಬಿರಿಯುತ್ತದೆ. ಬಿರಿದಲ್ಲಿ ಹಳೆಯ ಬಟ್ಟೆಯ ಪಟ್ಟಿಯನ್ನು ಮಣ್ಣಿನ ನೀರಿನಲ್ಲಿ ಅದ್ದಿ ಅಂಟಿಸಿ, ಸವರಿ, ಗೆರೆಯೇ ಕಾಣದಂತೆ ಮಾಡಬೇಕು. ದೇವಿಯ ಕಿರುಬೆರಳಿನ ತುದಿ ಚೂರು ಮುಕ್ಕಾಗಿದ್ದರೂ ಗಿರಾಕಿ ಒಯ್ಯುವುದಿಲ್ಲ. ಊನವಾದದ್ದು ಪೂಜೆಗೆ ಸಲ್ಲುವುದಿಲ್ಲ. ಆ ಪಟ್ಟಿ ಹಾಕುವುದರಲ್ಲಿ ಕಾಕಾನ ಕೈಯನ್ನು ಮೀರಿಸಿದವರು ಓಣಿಯಲ್ಲಿ ಇರಲಿಲ್ಲ.

ಮುಂದಿನದನ್ನು ಕಾಕಾ ತಾವೇ ಹೇಳಿದ್ದು. ನಾನು ಏನನ್ನೂ ಸೇರಿಸಿಲ್ಲ.

ಸಂಗ್ರಹಾಲಯದಲ್ಲಿ ಅಣಿಮಾ ಸರ್ಬಾಧಿಕಾರಿ ಎಂಬ ವಿದ್ವಾಂಸೆ ಇದ್ದರು. ಒಂದು ವರ್ಷ ಅವರು ಬಕ್ಸಾ ಗುಡ್ಡದಿಂದ ಒಂದು ಪತಂಗ ತಂದರು. ಒಣಗಿದ ಎಲೆಯ ಬಣ್ಣ. ಎಡ ರೆಕ್ಕೆಯ ಅಂಚಿನಲ್ಲಿ ಇಲಿ ಕಚ್ಚಿದಂತೆ ಒಂದು ಕಚ್ಚು. ಬಲ ರೆಕ್ಕೆ ಹರಿದು ಚಿಂದಿಯಾಗಿತ್ತು. ಅಂಥದ್ದು ಮತ್ತೆಲ್ಲೂ ಸಿಕ್ಕಿರಲಿಲ್ಲ. ಆ ಕಚ್ಚೇ ಇದರ ಗುರುತು, ಇದು ಹೊಸ ಜಾತಿ ಎಂದು ಅವರು ಬರೆದರು. ಕಾಕಾ ಚಿತ್ರ ಬರೆದುಕೊಟ್ಟರು. ಕಚ್ಚನ್ನೂ ಇದ್ದಂತೆಯೇ ಬರೆದರು. ಚಿತ್ರ ಅಚ್ಚಿಗೆ ಹೋಯಿತು.

ಪತಂಗವನ್ನು ಪೆಟ್ಟಿಗೆಗೆ ಮರಳಿಸುವ ಕೆಲಸವೂ ಕಾಕಾನದೇ. ಆಗ ಪೂಜೆ ಹತ್ತಿರ ಬಂದಿತ್ತು. ಊನವಿರುವ ಒಂದು ಜೀವವನ್ನು ಹಾಗೆಯೇ ಒಳಗಿಟ್ಟು ಮುಚ್ಚಲು ಅವರ ಕೈ ಬರಲಿಲ್ಲ. ಚಿತ್ರವಂತೂ ಆಗಿದೆ, ಇನ್ನು ಇದು ಚೆಂದವಾಗಿರಲಿ ಎಂದುಕೊಂಡರು. ಬೇರೊಂದು ಸಾಮಾನ್ಯ ಪತಂಗದ ರೆಕ್ಕೆಯಿಂದ ಚೂರು ಕತ್ತರಿಸಿ, ಗೋಂದು ಸವರಿ, ಎರಡೂ ರೆಕ್ಕೆಗಳಿಗೆ ತೇಪೆ ಹಾಕಿದರು. ಮೇಲೆ ಬಣ್ಣ ತೀಡಿದರು. ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷ ಆ ಕೆಲಸ ನೆನೆದು ಅವರು ಒಳಗೊಳಗೇ ಹೆಮ್ಮೆಪಡುತ್ತಿದ್ದರಂತೆ.

ಆಮೇಲೆ ಪುಣೆಯಿಂದ ಪರಾಂಜಪೆ ಎಂಬ ಹಿರಿಯರು ಬಂದರು. ದೇಶದ ಪತಂಗಗಳ ಮೇಲೆ ದೊಡ್ಡ ಪುಸ್ತಕ ಬರೆಯುತ್ತಿದ್ದರು. ಮಧ್ಯಾಹ್ನವೇ ಕರೆಂಟು ಹೋಗಿತ್ತು. ಆ ಕೋಣೆಗೆ ಕಿಟಕಿಯಿಲ್ಲ. ಕಾಕಾ ಲಾಂದ್ರ ಹಿಡಿದು ಪಕ್ಕದಲ್ಲಿ ನಿಂತರು. ಪರಾಂಜಪೆಯವರು ಬಕ್ಸಾದ ಪತಂಗವನ್ನು ಎತ್ತಿ, ಮಗುಚಿ, ಮಸೂರ ಹಿಡಿದರು.

"ಅಣಿಮಾ ದೇವಿ, ಇದಕ್ಕೆ ಇನ್ನೊಂದು ಹುಳದ ರೆಕ್ಕೆ ಅಂಟಿಸಿದ್ದಾರಲ್ಲ!"

"ಸಾಧ್ಯವೇ ಇಲ್ಲ ಸರ್. ಅಲ್ಲಿ ಕಚ್ಚು ಇರಬೇಕು."

"ಕಚ್ಚನ್ನು ಮೊದಲು ಕತ್ತರಿಯಿಂದ ಮಾಡಿ, ಆಮೇಲೆ ಹೆದರಿ ಮುಚ್ಚಿದ್ದಾರೆ ಅಂತ ಯಾರಾದರೂ ಅಂದರೆ ಏನು ಹೇಳ್ತೀರಿ? ನನ್ನ ಪುಸ್ತಕದಲ್ಲಿ ಇದನ್ನ ನಕಲಿ ಅಂತಲೇ ಬರೀಬೇಕಾಗುತ್ತೆ."

ಜೊತೆಗೆ ಬಂದಿದ್ದ ಸಂಗ್ರಹಾಲಯದವರೆಲ್ಲ ನೆಲ ನೋಡಿದರು. ಅಣಿಮಾ ಕಾಕಾನತ್ತ ತಿರುಗಿದರು. "ಕ್ಷೀರೋದ್ ದಾದಾ, ಚಿತ್ರ ಬರೆದವರು ನೀವು. ಆಗ ಹೀಗಿತ್ತಾ?"

"ನೆನಪಿಲ್ಲ ದೀದಿ" ಎಂದರು ಕಾಕಾ.

ಬೆಳಕು ತಮ್ಮ ಮುಖಕ್ಕೆ ಬೀಳದಂತೆ ಲಾಂದ್ರವನ್ನು ಓರೆ ಮಾಡಿದರಂತೆ. "ನೆಟ್ಟಗೆ ಹಿಡೀರಪ್ಪ" ಎಂದು ಪರಾಂಜಪೆ ಬೈದರಂತೆ.

ಮರುದಿನದಿಂದ ಕ್ಯಾಂಟೀನಿನಲ್ಲಿ ಅಣಿಮಾಗೆ 'ಕತ್ತರಿ ದೀದಿ' ಎಂಬ ಹೆಸರು ಬಿತ್ತು. ಅವರು ಬಂದರೆ ಮಾತು ನಿಲ್ಲುತ್ತಿತ್ತು. ಅವರು ಮನೆಯಿಂದ ತಂದ ರೊಟ್ಟಿಯನ್ನು ತಮ್ಮ ಮೇಜಿನ ಮುಂದೆ ಒಬ್ಬರೇ ತಿನ್ನತೊಡಗಿದರು. ಕಾಕಾ ಅಣಿಮಾರ ಬಾಗಿಲ ಮುಂದೆ ಹೋಗುವುದನ್ನು ತಪ್ಪಿಸಿ, ಹಿಂದಿನ ಮೆಟ್ಟಿಲು ಹಿಡಿದರು.

ಒಂದು ಸಂಜೆ ಅಣ್ಣ ಬಟಕೃಷ್ಣ ಕೊಟ್ಟಿಗೆಯಲ್ಲಿ ಮಹಿಷಾಸುರನ ಬಿರಿದ ತೋಳು ತೋರಿಸಿದ. "ಇದಕ್ಕೊಂದು ಪಟ್ಟಿ ಹಾಕು ಬಾರೋ."

ಕಾಕಾ ಒದ್ದೆ ಪಟ್ಟಿ ಹಿಡಿದು ಹಾಗೇ ಕುಳಿತರು. ಮಣ್ಣಿನ ನೀರು ತೊಡೆಯ ಮೇಲೆ ಸುರಿಯಿತು.

"ಏನಾಯ್ತೋ ನಿಂಗೆ? ಅಸುರನ್ನ ನೋಡಿ ಹೆದರ್ಕೊಂಡ್ಯಾ?"

ಆಗ ಕಾಕಾ ಎಲ್ಲವನ್ನೂ ಹೇಳಿದರು. ಬಟಕೃಷ್ಣನಿಗೆ ಅರ್ಥವಾಗಲಿಲ್ಲ. "ಮುರಿದಿದ್ದನ್ನ ಸರಿಮಾಡಿದ್ರೆ ತಪ್ಪೇನೋ? ನಮ್ಮಪ್ಪ ಜೀವನ ಪೂರ್ತಿ ಅದನ್ನೇ ಮಾಡ್ಲಿಲ್ವಾ?"

"ಅದು ಮುರಿದಿರ್ಲಿಲ್ಲ ದಾದಾ. ಅದು ಹುಟ್ಟಿದ್ದೇ ಹಾಗೆ."

ಬಟಕೃಷ್ಣ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. "ಹಂಗಾದ್ರೆ ನೀನು ಮುಕ್ಕು ಮಾಡಿದೀಯ" ಎಂದ. "ಆ ಹೆಣ್ಮಗಳು ನಿನ್ನ ಪಾಲಿನ ಬೈಗಳ ತಿಂತಾ ಇದಾಳೆ. ನೀನು ಇಲ್ಲಿ ಅಸುರನ ತೋಳು ಹಿಡ್ಕೊಂಡು ಕೂತಿದೀಯ. ನಾಚಿಕೆ ಆಗಲ್ವೇನೋ?"

ಮರುದಿನ ಕಾಕಾ ಮುಂದಿನ ಮೆಟ್ಟಿಲು ಹತ್ತಿ ಹೋಗಿ ಹೇಳಿದರು. ಹೇಳುವಾಗ ತಲೆಯೆತ್ತಲು ಆಗಲಿಲ್ಲ. ತಮ್ಮ ಕಣ್ಣು ಅಣಿಮಾರ ಚಪ್ಪಲಿಯ ಕಿತ್ತ ಬಾರಿನ ಮೇಲೇ ಇತ್ತಂತೆ. ಅಣಿಮಾ ಪತಂಗವನ್ನು ತರಿಸಿದರು. ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಗೋಂದು ನೆನೆಯುವವರೆಗೆ ಕಾದರು. ಆಮೇಲೆ ಸೂಜಿಯಿಂದ ಒಂದೊಂದೇ ತೇಪೆಯನ್ನು ತಾವೇ ಬಿಡಿಸಿದರು. ಕಾಕಾ ಸಹಾಯಕ್ಕೆ ಕೈ ಚಾಚಿದಾಗ, "ಬೇಡ" ಎಂದರು.

ತೇಪೆಯ ಕೆಳಗೆ ಕಚ್ಚು ಇತ್ತು. ಕಚ್ಚಿನ ಅಂಚಿನುದ್ದಕ್ಕೂ ನವಿರಾದ ಕೂದಲಿನ ಕುಚ್ಚು ಉಳಿದಿತ್ತು. ಕತ್ತರಿಯಿಂದ ಕತ್ತರಿಸಿದ ಅಂಚಿಗೆ ಕುಚ್ಚು ಇರುವುದಿಲ್ಲ. ಅಣಿಮಾ ಮಸೂರದಿಂದ ಕಣ್ಣು ತೆಗೆದು ಮುಖ ಒರೆಸಿಕೊಂಡರು.

"ತೇಪೆ ಹಾಕಿದ್ದನ್ನ ಬಿಡಿ, ಕ್ಷೀರೋದ್ ದಾದಾ. ಅದು ನಿಮ್ಮ ಕೈಯ ಅಭ್ಯಾಸ" ಎಂದರು. "ಅವತ್ತು ನೀವು ದೀಪ ಹಿಡ್ಕೊಂಡು ನನ್ನ ಪಕ್ಕದಲ್ಲೇ ನಿಂತಿದ್ರಿ. ಅದನ್ನ ಏನು ಮಾಡ್ಲಿ?"

ಕೀಟ ಚುಚ್ಚಿದ ಸೂಜಿಗೆ ಒಮ್ಮೆ ಹಾಕಿದ ಚೀಟಿಯನ್ನು ಮತ್ತೆ ತೆಗೆಯಬಾರದು ಎಂಬುದು ಸಂಗ್ರಹಾಲಯದ ನಿಯಮ. ಅಂಥ ಚೀಟಿಗಳನ್ನು ಬರೆಯುವವರು ಕಾಕಾನೇ. ಅಣಿಮಾ ಹೇಳಿದರು, ಕಾಕಾ ಬರೆದರು: ರೆಕ್ಕೆಗಳಿಗೆ ತೇಪೆ ಹಾಕಿದವರು ಕ್ಷೀರೋದ ಪಾಲ್, ಬಿಡಿಸಿದವರು ಅಣಿಮಾ ಸರ್ಬಾಧಿಕಾರಿ. ಅಕ್ಕಿಕಾಳಿನಷ್ಟು ಅಗಲದ ಸಾಲುಗಳು. ಚೀಟಿ ಪತಂಗದ ಕೆಳಗೆ ಸೂಜಿಗೆ ಏರಿತು. ಪರಾಂಜಪೆಯವರು ಮತ್ತೊಮ್ಮೆ ಬಂದು ನೋಡಿ, ಅಣಿಮಾ ಇಟ್ಟ ಹೆಸರನ್ನೇ ಪುಸ್ತಕದಲ್ಲಿ ಸೇರಿಸಿದರು.

ಕಾಕಾನ ಕೆಲಸ ಹೋಗಲಿಲ್ಲ. ಅಣಿಮಾ ಮುಂಚಿನಂತೆ ಚಿತ್ರಗಳನ್ನು ಅವರಿಂದಲೇ ಬರೆಸಿದರು. ಆದರೆ ಅಣಿಮಾರ ಕೋಣೆಯಿಂದ ಬರುವ ಪೆಟ್ಟಿಗೆಗಳಿಗೆ ಈಗ ಗಾಜಿನ ಮುಚ್ಚಳವಿರುತ್ತಿತ್ತು, ತೆರೆಯಲು ಆಗದಂತೆ ಮುಚ್ಚಳದ ಸುತ್ತ ಕಾಗದ ಅಂಟಿಸಿರುತ್ತಿತ್ತು. ಗಾಜಿನ ಮೇಲೆ ಬೆಳಕು ಬಿದ್ದು ಮಿಂಚುತ್ತಿತ್ತು, ರೆಕ್ಕೆಯ ನಿಜವಾದ ಬಣ್ಣ ಸಿಗುತ್ತಿರಲಿಲ್ಲ. ಮುಚ್ಚಳ ತೆಗೆಸಿ ಎಂದು ಕೇಳಲು ಕಾಕಾಗೆ ಬಾಯಿ ಬರಲಿಲ್ಲ. ನಿವೃತ್ತರಾಗುವವರೆಗೂ ಅವರು ತಲೆಯನ್ನು ಆಚೆ ಈಚೆ ವಾಲಿಸಿ, ಮಿಂಚಿಲ್ಲದ ಜಾಗ ಹುಡುಕಿ, ಅಲ್ಲಿಂದ ಕಂಡಷ್ಟನ್ನು ಬರೆದರು.