ಹುಳ ಕಾಪಾಡು ಎಂದು ಬೇಡಿದ ಆರು ದಿನ

ನಮ್ಮ ಮನೆಯ ಬೆಕ್ಕು ನನ್ನ ಮಗಳ ಕೈ ಕಚ್ಚಿದ್ದು ದೀಪಾವಳಿ ಕಳೆದ ಎರಡನೇ ಮಂಗಳವಾರ, ರೇಷ್ಮೆ ಹುಳಕ್ಕೆ ಬೆಳಗಿನ ಸೊಪ್ಪು ಹಾಕಿ ಮುಗಿಸಿದ ಹೊತ್ತಿಗೆ. ಈಗ್ಗೆ ಐದು ವರ್ಷದ ಹಿಂದಿನ ಮಾತು, ನಯಾಪೈಸೆ ಬಂದ ಹೊಸದು. ಮಗಳು ಅಮರಾವತಿಗೆ ಆಗ ಏಳು ತುಂಬಿತ್ತು.

ಕೈವಾರದ ಅಮರನಾರಾಯಣಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಂದೆಮುಂದೆ ನೋಡಿದೆ. ಸ್ವಾಮಿಯ ಕೃಪೆಯನ್ನು ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಬೇಕು. ತಪ್ಪನ್ನು ನುಂಗಿಕೊಂಡು ಕೃಪೆಯನ್ನು ಮಾತ್ರ ಬರೆದರೆ ಅದು ಸುಳ್ಳಾಗುತ್ತದೆ. ನನ್ನದು ಸ್ವಲ್ಪ ಒರಟು ಬಾಯಿ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು, ಓದುವವರು ಸಹಿಸಿಕೊಳ್ಳಬೇಕು.

ನಮ್ಮದು ದಿಬ್ಬೂರಹಳ್ಳಿ ಕಡೆಯ ಒಂದು ಊರು. ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಹುಳ. ಹುಳವಿದ್ದ ಮನೆಗೆ ಇಲಿ ಬಂದರೆ ಒಂದೇ ರಾತ್ರಿಗೆ ತಟ್ಟೆ ತಟ್ಟೆಯನ್ನೇ ಖಾಲಿ ಮಾಡುತ್ತದೆ. ಅದಕ್ಕೆಂದೇ ಒಂದು ಬೆಕ್ಕು ಸಾಕಿದ್ದೆವು. ಮೈಮೇಲೆ ಕಪ್ಪು ಚುಕ್ಕಿಗಳಿದ್ದುದರಿಂದ ಚುಕ್ಕಿ ಎಂದು ಹೆಸರು. ನನ್ನ ಮಗಳು ಊಟ ಬಿಟ್ಟರೂ ಚುಕ್ಕಿಗೆ ಹಾಲು ಹಾಕುವುದನ್ನು ಬಿಡುತ್ತಿರಲಿಲ್ಲ.

ಆ ಮಂಗಳವಾರಕ್ಕೆ ಮುಂಚೆ ಬೆಕ್ಕು ಎರಡು ದಿನ ಕಾಣೆಯಾಗಿತ್ತು. ತಿರುಗಿ ಬಂದದ್ದು ಕತ್ತಲೆ ಮೂಲೆಯಲ್ಲಿ ಮುದುರಿ ಕೂತು, ಗಂಟಲು ಒಡೆದ ಹಾಗೆ ಕೂಗುತ್ತಿತ್ತು. ಮಗಳು ಹಾಲಿನ ಬಟ್ಟಲು ಮುಂದಿಟ್ಟು ಕೈ ಚಾಚಿದಳು. ಹೆಬ್ಬೆರಳಿನ ಬುಡಕ್ಕೆ ಹಲ್ಲಿಟ್ಟ ಬೆಕ್ಕು ಬಿಡಲೇ ಇಲ್ಲ. ನಾನು ಓಡಿಹೋಗಿ ಅದರ ಕತ್ತು ಹಿಡಿದು ಕಿತ್ತೆ, ನನ್ನ ಮಣಿಕಟ್ಟನ್ನೂ ಪರಚಿತು. ಅಂಗಳಕ್ಕೆ ಹಾರಿದ್ದೇ ಗೂಟಕ್ಕೆ ಕಟ್ಟಿದ್ದ ಕರುವಿನ ಮೂತಿಗೆ ಬಾಯಿ ಹಾಕಿ, ಗೋಡೆ ದಾಟಿ ಹೋಯಿತು. ಎರಡು ದಿನದ ಮೇಲೆ ತೋಟದ ಬಾವಿಯ ಹತ್ತಿರ ಸತ್ತು ಬಿದ್ದಿತ್ತು.

ನಮ್ಮತ್ತೆ ಗಾಯಕ್ಕೆ ಅರಿಶಿನ ಮೆತ್ತಿ ಹಳೆ ಸೀರೆಯ ಅಂಚು ಹರಿದು ಕಟ್ಟಿದರು. ಅವರ ತವರು ಗಡಿಯ ಆಚೆ, ಸಮಾಧಾನ ಹೇಳುವಾಗ ತೆಲುಗೇ ಬರುತ್ತಿತ್ತು. "ಏಮೀ ಕಾದು, ಏನೂ ಆಗಲ್ಲ ಬಿಡೇ. ನಾಯಿ ಕಚ್ಚಿದ್ರೆ ತಾನೇ ಹುಚ್ಚು? ಇದು ನಮ್ಮನೆ ಅನ್ನ ತಿಂದ ಬೆಕ್ಕು" ಎಂದರು. ನನಗೂ ಹಾಗೇ ಅನ್ನಿಸಿತು ಎಂದು ಬರೆದರೆ ತಪ್ಪಾಗುತ್ತದೆ. ಬೆಕ್ಕಿನ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದುದನ್ನು ನಾನು ಕಂಡಿದ್ದೆ. ಕಂಡೂ ಸುಮ್ಮನಾದೆ.

ಯಾಕೆಂದರೆ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಒಂದೇ ದಿನವಾಗಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಎಂಟು ದಿನ ಹಗಲೂ ರಾತ್ರಿ ಬರೀ ತಿನ್ನುವುದು, ಆಮೇಲೆ ಗೂಡು ಕಟ್ಟುವುದು. ಆ ಎಂಟು ದಿನ ಹೊರಗಿನವರು ಒಳಗೆ ಬರುವಂತಿಲ್ಲ. ಮನೆಯವರು ಊರು ಬಿಟ್ಟು ಹೋದರೆ ಗೂಡು ಬಿಡಿಸುವ ತನಕ ಹಿಂತಿರುಗುವಂತಿಲ್ಲ. ಪೇಟೆಯ ಗಾಳಿ ಸೋಕಿದವರು, ಆಸ್ಪತ್ರೆಯ ಔಷಧಿ ವಾಸನೆ ಹೊತ್ತವರು ಹೊಸಲು ದಾಟಿದರೆ ಹುಳ ಕೆಡುತ್ತದೆ ಎಂದು ನಮ್ಮ ಹಿರಿಯರ ಕಾಲದಿಂದ ಬಂದ ಕಟ್ಟು. ನಮ್ಮ ಯಜಮಾನರು ಸೊಪ್ಪು ಕೊಯ್ದು ಹೊರುವವರು, ಅತ್ತೆಗೆ ಬೆನ್ನು ಬಗ್ಗುವುದಿಲ್ಲ. ತಟ್ಟೆ ಇಳಿಸಿ, ಹಿಕ್ಕೆ ತೆಗೆದು, ಸೊಪ್ಪು ಹಾಕುವವಳು ನಾನೊಬ್ಬಳೇ. ನಾನು ಮಗುವನ್ನು ಕರೆದುಕೊಂಡು ಹೋದರೆ ಹುಳ ಹೋದಂತೆಯೇ. ಆ ವರ್ಷದ ಮೂರು ಬೆಳೆಯಲ್ಲಿ ಕೈಗೆ ಹತ್ತುವಂತಿದ್ದುದು ಅದೊಂದೇ.

ಗುರುವಾರ ಶಿಡ್ಲಘಟ್ಟದ ಖಾದರ್ ಸಾಬರು ಬಂದರು. ಅವರು ನೂಲು ತೆಗೆಯುವವರು, ಎಷ್ಟೋ ವರ್ಷದಿಂದ ನಮ್ಮ ಗೂಡು ಕೊಳ್ಳುವವರು. ಕಟ್ಟು ಬಲ್ಲವರಾದ್ದರಿಂದ ಬೀದಿಯಲ್ಲೇ ನಿಂತು ಹುಳದ ಕ್ಷೇಮ ಕೇಳಿದರು. ಜಗುಲಿಯ ಮೇಲಿದ್ದ ಮಗಳ ಕೈಯ ಕಟ್ಟು ನೋಡಿ ಏನೆಂದು ವಿಚಾರಿಸಿದರು. ಹೇಳಿದೆ. ಆ ಮನುಷ್ಯನ ಮುಖ ಇಳಿದುಹೋಯಿತು.

"ಅಮ್ಮಾ, ನಾಯಿ ಆದ್ರೂ ಒಂದೇ, ಬೆಕ್ಕಾದ್ರೂ ಒಂದೇ. ನಮ್ಮ ಗಲ್ಲೀಲಿ ಕಣ್ಣಾರೆ ನೋಡಿದೀನಿ. ಚಿಕ್ಕಬಳ್ಳಾಪುರದ ಆಸ್ಪತ್ರೇಲಿ ಸೂಜಿ ಹಾಕ್ತಾರೆ. ನಾಳೆ ಮೊದಲ ಬಸ್ಸಿಗೇ ಹೊರಡಿ."

ಹುಳ ಹಣ್ಣಾಗಲಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟ ಕೂಡಲೇ ಹೊರಡುತ್ತೇನೆ ಎಂದೆ. ಸಾಬರು ಇನ್ನೊಂದು ಸಲ ಹೇಳಿದರು. ನಮ್ಮ ಮನೆಯ ಮಗುವಿನ ಚಿಂತೆ ನಮಗಿಲ್ಲವೇ ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟೆ. ಅವರು ತಲೆ ತಗ್ಗಿಸಿಕೊಂಡು ಹೋದರು. ಅಂದು ಒಲೆಯ ಮುಂದೆ ಯಜಮಾನರೂ ಒಮ್ಮೆ ಕೇಳಿದರು. ಗಾಯ ಒಣಗುತ್ತಿದೆ ನೋಡಿ ಎಂದು ಮಗಳ ಕೈಯನ್ನೇ ತೋರಿಸಿದೆ. ನಿಜವಾಗಿಯೂ ಒಣಗುತ್ತಿತ್ತು.

ಆ ದಿನಗಳಲ್ಲಿ ನಾನು ದೇವರಿಗೆ ಕೈ ಮುಗಿಯದೆ ಇರಲಿಲ್ಲ. ಬೆಳಿಗ್ಗೆ ಸಂಜೆ ಹುಳದ ಮನೆಯ ಬಾಗಿಲಲ್ಲಿ ಸ್ವಾಮಿಯ ಪಟಕ್ಕೆ ಊದುಬತ್ತಿಯಿಲ್ಲದೆ (ಹೊಗೆ ಹುಳಕ್ಕೆ ಆಗದು) ಬರೀ ಹೂವಿಟ್ಟು ಬೇಡುತ್ತಿದ್ದೆ. ಹುಳ ಕಾಪಾಡಪ್ಪ, ಗೂಡು ಗಟ್ಟಿಯಾಗಿ ಬರಲಪ್ಪ ಎಂದು. ಮಗಳ ಹೆಸರು ಆ ಬೇಡಿಕೆಯಲ್ಲಿ ಒಂದು ಸಲವೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ ಮೇಲಿನ ತಟ್ಟೆಗಳಲ್ಲಿ ಸದ್ದೇ ಇಲ್ಲ. ಸಾವಿರಾರು ಹುಳ ತಿನ್ನುವಾಗ ಬರುವ ಸರಸರ ಸದ್ದು ನಮ್ಮ ಮನೆಯ ಗಡಿಯಾರ. ಹಿಂದಿನ ದಿನದ ಸೊಪ್ಪು ಹಾಗೇ ಬಾಡಿತ್ತು. ಹುಳ ಮೆತ್ತಗೆ, ಮುಟ್ಟಿದರೆ ಜೋತು ಬೀಳುವಂತೆ ಆಗಿದ್ದವು. ಸಪ್ಪೆ ರೋಗ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತಟ್ಟೆಗಳಿಗೂ ಹರಡಿ, ಮನೆಯೆಲ್ಲ ಕೊಳೆತ ವಾಸನೆ ತುಂಬಿತು. ಯಾರೂ ಹೊಸಲು ದಾಟಿರಲಿಲ್ಲ, ಯಾವ ಕಟ್ಟನ್ನೂ ಮುರಿದಿರಲಿಲ್ಲ. ಯಜಮಾನರು ಹಿತ್ತಲಲ್ಲಿ ಗುಂಡಿ ತೋಡಿದರು. ಬುಟ್ಟಿ ಬುಟ್ಟಿ ಹುಳ ಸುರಿದು, ಮೇಲೆ ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿದೆವು.

ನಾನು ಒಳಗೆ ಬಂದು ಸ್ವಾಮಿಯ ಪಟವನ್ನು ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿದೆ. ನಿನಗೆ ಕಣ್ಣಿಲ್ಲ ಎಂದು ಬೈದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಬರೆಯಬಾರದು. ಅತ್ತೆ ಕಿವಿ ಮುಚ್ಚಿಕೊಂಡರು. ಅತ್ತು ಮುಗಿದ ಮೇಲೆ ಯಜಮಾನರು ಬಾಗಿಲಲ್ಲಿ ನಿಂತು, "ಇನ್ನೇನು ಕಾಯೋಕಿದೆ? ಮಗೂನ ಕರ್ಕೊಂಡು ಹೋಗಣ ನಡಿ" ಎಂದರು. ತಡೆಯುವುದಕ್ಕೆ ಈಗ ನನ್ನ ಹತ್ತಿರ ಕಾರಣವೇ ಉಳಿದಿರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಹೊರಟೆವು. ಶಿಡ್ಲಘಟ್ಟದಲ್ಲಿ ಮುಂದಿನ ಬಸ್ಸು ತಪ್ಪಿತು. ಸಣ್ಣ ರೈಲು ಹಿಡಿದು ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಆಸ್ಪತ್ರೆಯಲ್ಲಿ ಚೀಟಿ ಕೊಡುವುದನ್ನು ಇನ್ನೇನು ನಿಲ್ಲಿಸುವುದರಲ್ಲಿದ್ದರು. ಡಾಕ್ಟರು ಕಟ್ಟು ಬಿಚ್ಚಿ ನೋಡಿ, ಬೆಕ್ಕು ಏನಾಯಿತೆಂದು ಕೇಳಿದರು. ಸತ್ತಿತು ಎಂದೆ. ಯಾವತ್ತು ಕಚ್ಚಿದ್ದು ಎಂದರು. ಹೋದ ಮಂಗಳವಾರ ಎಂದೆ.

"ಇಷ್ಟು ದಿನ ಏನ್ ಮಾಡ್ತಿದ್ರಮ್ಮ?"

"ಮನೇಲಿ ಹುಳ ಇತ್ತು ಸ್ವಾಮಿ."

ಅವರೂ ನಮ್ಮ ಸೀಮೆಯವರೇ ಇರಬೇಕು. ಬೈಯಲಿಲ್ಲ. ಸ್ಪಿರಿಟ್ ಒಲೆ ಹೊತ್ತಿಸಿ ಸೂಜಿಗಳನ್ನು ಕುದಿಯಲು ಇಟ್ಟರು. ನನ್ನ ಮಣಿಕಟ್ಟಿನ ಗೀರನ್ನು ಅವರೇ ಕಂಡುಹಿಡಿದು, ಇಬ್ಬರಿಗೂ ಆಗಬೇಕು ಎಂದರು. ಹೊಕ್ಕುಳ ಪಕ್ಕಕ್ಕೆ ದಿನಕ್ಕೊಂದರಂತೆ ಹದಿನಾಲ್ಕು ದಿನ, ಒಂದು ದಿನವೂ ತಪ್ಪಬಾರದು. ಹುಚ್ಚು ಕಾಣಿಸಿಕೊಂಡ ಮೇಲೆ ಲೋಕದಲ್ಲಿ ಯಾರ ಹತ್ತಿರವೂ ಔಷಧಿ ಇಲ್ಲ, ಅದು ಬರುವುದಕ್ಕೆ ಮುಂಚೆ ಇದು ಗೆಲ್ಲಬೇಕು ಎಂದು ಬಿಡಿಸಿ ಹೇಳಿದರು.

ಪೇಟೆಯಲ್ಲಿದ್ದ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮೊದಲ ಎರಡು ದಿನ ಮಗಳು ಬೀದಿ ಕೇಳುವ ಹಾಗೆ ಕಿರುಚಿದಳು. ಮೂರನೆಯ ದಿನದಿಂದ ಮೊದಲು ನಾನು ಮಲಗಿ ಹಾಕಿಸಿಕೊಳ್ಳುತ್ತಿದ್ದೆ, ಅವಳು ನನ್ನ ಮುಖ ನೋಡುತ್ತಿದ್ದಳು. ಅವಳ ಎದುರಿಗೆ ಮುಖ ಕಿವಿಚದೆ ಇರುವುದೇ ನನ್ನ ಕೆಲಸ. ಹೊಟ್ಟೆ ಬಾತು ಕಲ್ಲಿನಂತಾಗಿ, ಕೊನೆಕೊನೆಗೆ ಸೀರೆ ಗಂಟು ಹಾಕುವುದೂ ಕಷ್ಟವಾಯಿತು. ಹದಿನಾಲ್ಕನೆಯ ದಿನ ಡಾಕ್ಟರು ಮಗಳ ಬೆನ್ನು ತಟ್ಟಿ ಕಳಿಸಿದರು. ಗೆದ್ದಿತೋ ಇಲ್ಲವೋ ಗೊತ್ತಾಗಲು ಕೆಲವು ತಿಂಗಳು ಬೇಕು ಎಂದು ನನಗೆ ಮಾತ್ರ ಹೇಳಿದರು.

ಊರಿಗೆ ಬಂದ ನಾಲ್ಕನೆಯ ದಿನ ಕರು ಮೇವು ಬಿಟ್ಟಿತು. ಮರುದಿನ ಹಗಲೆಲ್ಲ ಒಂದೇ ಸಮನೆ ಕೂಗತೊಡಗಿತು. ಬಾನಿ ಮುಂದಿಟ್ಟರೆ ಮೂತಿ ಇಡುತ್ತದೆ, ನೀರು ಗಂಟಲಿಗೆ ಇಳಿಯದು. ಗೋಡೆಗೆ ತಲೆ ಚಚ್ಚಿಕೊಂಡು, ಬಾಯಲ್ಲಿ ನೊರೆ ಬಂದು, ಮೂರನೆಯ ದಿನ ಸತ್ತಿತು. ಅದನ್ನು ಕಚ್ಚಿದ್ದು ಅದೇ ಬೆಕ್ಕು, ಅದೇ ಬೆಳಿಗ್ಗೆ, ನನ್ನ ಮಗಳನ್ನು ಕಚ್ಚಿ ಎರಡು ನಿಮಿಷಕ್ಕೆ.

ಆ ಕೂಗು ಕೇಳುತ್ತಾ ಅಂಗಳದಲ್ಲಿ ನಿಂತಾಗ ನನಗೆ ಎಲ್ಲವೂ ಬಿಡಿಸಿ ಇಟ್ಟ ಹಾಗೆ ಕಂಡಿತು. ಹುಳ ಚೆನ್ನಾಗಿದ್ದಿದ್ದರೆ ಇನ್ನೂ ಎರಡು ದಿನ ತಿನ್ನುತ್ತಿದ್ದವು. ಆಮೇಲೆ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಶಿಡ್ಲಘಟ್ಟಕ್ಕೆ ಸಾಗಿಸುವುದು. ಅಷ್ಟು ಹೊತ್ತಿಗೆ ಮಗಳ ಗಾಯ ಪೂರ್ತಿ ಮಾಯ್ದಿರುತ್ತಿತ್ತು. ಮಾಯ್ದ ಗಾಯಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ನಾನಂತೂ ಹೋಗುತ್ತಿರಲಿಲ್ಲ. ನಾನು ಸ್ವಾಮಿಯನ್ನು ಬೇಡಿದ್ದು ಹುಳವನ್ನು. ಅವನು ಅದನ್ನು ಕಿತ್ತುಕೊಂಡು, ನಾನು ಬೇಡಲು ಮರೆತದ್ದನ್ನು ಕೊಟ್ಟ. ಒಳಗೆ ಹೋಗಿ ಪಟವನ್ನು ಸರಿಯಾಗಿ ತಿರುಗಿಸಿ ಇಟ್ಟು, ಅದರ ಮುಂದೆ ಹಣೆ ಹಚ್ಚಿ ಬಿದ್ದುಕೊಂಡೆ.

ಅಲ್ಲಿಂದ ಯುಗಾದಿಯವರೆಗೆ ದಿನವೂ ಬೆಳಿಗ್ಗೆ ಮಗಳ ಕೈಗೆ ಒಂದು ಲೋಟ ನೀರು ಕೊಟ್ಟು, ಅದು ಅವಳ ಗಂಟಲಲ್ಲಿ ಇಳಿಯುವುದನ್ನು ನಿಂತು ನೋಡುತ್ತಿದ್ದೆ. ಒಂದು ದಿನ ಕೆಮ್ಮಿದಳು, ಲೋಟ ಕಿತ್ತುಕೊಂಡು ಮತ್ತೆ ತುಂಬಿ ಕುಡಿಸಿ ನೋಡಿದೆ. ಬೇವುಬೆಲ್ಲ ತಿಂದ ದಿನ ಅವಳು ತಾನಾಗಿಯೇ ಗಟಗಟ ಎರಡು ಲೋಟ ಕುಡಿದಳು. ಅಂದೇ ಅವಳನ್ನು ಕೈವಾರಕ್ಕೆ ಕರೆದೊಯ್ದು ಸ್ವಾಮಿಯ ಮುಂದೆ ನಿಲ್ಲಿಸಿದೆ. ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಖಾದರ್ ಸಾಬರ ಮನೆಗೆ ಹೋಗಿ, ಅವತ್ತು ಅಂದ ಮಾತಿಗೆ ತಪ್ಪಾಯಿತು ಎಂದೆ. ಅವರ ಮನೆಯವರು ಮಗಳನ್ನು ಹತ್ತಿರ ಕೂರಿಸಿಕೊಂಡು, ಕೈ ಹಿಡಿದು ಗಾಯದ ಗುರುತು ನೋಡಿ ಕಣ್ಣೊರೆಸಿಕೊಂಡರು.

ಇದನ್ನು ಓದುವ ತಾಯಂದಿರಿಗೆ ನನ್ನದು ಒಂದೇ ಮಾತು. ಸಾಕಿದ ಬೆಕ್ಕಾಗಲಿ, ಮನೆ ಕಾಯುವ ನಾಯಿಯಾಗಲಿ, ಹಲ್ಲು ತಾಕಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಸ್ವಾಮಿಗೆ ಕೈ ಮುಗಿದು, ಸಿಕ್ಕ ಮೊದಲ ಬಸ್ಸಿಗೇ ಹತ್ತಿ. ಕೈ ಮುಗಿಯುವುದನ್ನು ಬಸ್ಸಿನಲ್ಲಿ ಕೂತ ಮೇಲೂ ಮಾಡಬಹುದು.

ಮೊನ್ನೆ ಬೇಸಿಗೆಯಲ್ಲಿ ಅಮರಾವತಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಹನ್ನೆರಡು ವರ್ಷ ಈಗ, ಎಲ್ಲ ತಿಳಿಯುತ್ತದೆ. ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಾ, ಬೆಕ್ಕು ಕಚ್ಚಿದ ದಿನವೇ ಯಾಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ ಎಂದು ಕೇಳಿದಳು. ಆ ಆರು ದಿನ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಮೊರದ ಮೇಲಿನ ಕೈ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತಿ, "ಹುಳ ಸಾಯದೆ ಇದ್ದಿದ್ರೆ ಅಮ್ಮ?" ಎಂದಳು.

ಅವಳ ಕೈಯಿಂದ ಮೊರ ತೆಗೆದುಕೊಂಡು ಉಳಿದ ಅಕ್ಕಿಯನ್ನು ನಾನೇ ಆರಿಸಿದೆ. ಉತ್ತರ ನನಗೆ ಗೊತ್ತು, ಮೇಲೆ ಬರೆದೂ ಇದ್ದೇನೆ. ಅದನ್ನು ಮಾಡಿ ತೋರಿಸುವಷ್ಟು ದೂರ ನನ್ನನ್ನು ಹೋಗಲು ಬಿಡದ ಸ್ವಾಮಿಗೆ ನಾನು ಬದುಕಿರುವಷ್ಟು ದಿನ ಕೈ ಮುಗಿಯುತ್ತೇನೆ.