ಕಳೆದುಹೋಗದ ಚೀಟಿ

ರದ್ದಿಗೆ ಹಾಕೋಣವೆಂದು ಅಟ್ಟದಿಂದ ಇಳಿಸಿದ ದಪ್ಪನೆಯ ಕಂಪ್ಯೂಟರ್ ಪುಸ್ತಕದೊಳಗಿನಿಂದ ಮೊನ್ನೆ ಒಂದು ಚೀಟಿ ಉದುರಿತು. ರೂಲು ನೋಟ್‌ಬುಕ್ಕಿನಿಂದ ಹರಿದದ್ದು. ನೀಲಿ ಶಾಯಿಯಲ್ಲಿ ಇಂಗ್ಲಿಷಿನ ಒಂದೂವರೆ ಸಾಲು, ಕೊನೆಗೊಂದು ಅಂಕಿ. "ಬೇಕಾದ್ದಾ?" ಎಂದಳು ಹೆಂಡತಿ. ನಾನು ಚೀಟಿಯನ್ನು ಜೇಬಿಗೆ ಸೇರಿಸಿದೆ. ಉತ್ತರ ಹೇಳಲು ಹೊರಟರೆ ಇಪ್ಪತ್ತು ವರ್ಷದ ಹಿಂದಿನ ನನ್ನ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕಾಗುತ್ತಿತ್ತು. ನಿಮಗಾದರೆ ಹೇಳಬಹುದು. ನೀವೇನು ನನ್ನ ಜೊತೆ ಸಂಸಾರ ಮಾಡಬೇಕಾಗಿಲ್ಲವಲ್ಲ.

ಎರಡು ಸಾವಿರದ ಮೂರರ ಸುಮಾರಿಗೆ ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆರು ಕಂಪ್ಯೂಟರುಗಳ ತರಬೇತಿ ಕೇಂದ್ರವಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ಮೇಷ್ಟ್ರು ಬಂದಾಗ ಎದ್ದು ನಿಲ್ಲಬೇಕು. ಆ ಮೇಷ್ಟ್ರು ನಾನು. ನಮ್ಮ ಮನೆಯಲ್ಲಿ ಅಜ್ಜನಿಂದಲೂ ಮೇಷ್ಟ್ರುಗಿರಿಯೇ, ಆದರೆ 'ಕಂಪ್ಯೂಟರ್ ಮೇಷ್ಟ್ರು' ಎನ್ನಿಸಿಕೊಂಡವನು ನಾನೊಬ್ಬನೇ. ಹೋಟೆಲಿಗೆ ಹೋದರೆ ಕೇಳುವ ಮೊದಲೇ ಕಾಫಿ ಬರುತ್ತಿತ್ತು. ಆ ಹೆಸರೊಂದು ಇದ್ದರೆ ನನಗೆ ಬೇರೇನೂ ಬೇಡವಾಗಿತ್ತು.

ನನ್ನ ಕೈಕೆಳಗೆ ಪಾಠ ಹೇಳಲು ಬಂದವಳು ರತ್ನ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವಳು, ಬೇಸಾಯದ ಮನೆಯ ಹುಡುಗಿ. ಕಂಪ್ಯೂಟರ್ ಕಲಿತದ್ದು ನಮ್ಮಲ್ಲೇ, ನನ್ನಿಂದಲೇ. ಈ ಕೊನೆಯ ಮಾತನ್ನು ಆಗ ನಾನು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದೆ.

ಒಮ್ಮೆ ಪ್ರಿಂಟರು ಮುನಿಸಿಕೊಂಡು ಕೂತಿತು. ನಾನು ಈ ದಪ್ಪ ಪುಸ್ತಕವನ್ನು ಎರಡು ದಿನ ತಿರುವಿ ಹಾಕಿದೆ. ರತ್ನ ತೆರೆಯ ಮೇಲೆ ಬಂದ ತಕರಾರಿನ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹೋದಳು. ನಮ್ಮಲ್ಲಿ ಇಂಟರ್ನೆಟ್ ಇರಲಿಲ್ಲ, ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ಇತ್ತು. ಸೋಮವಾರ ಬಂದವಳೇ ಐದು ನಿಮಿಷದಲ್ಲಿ ಪ್ರಿಂಟರ್ ಓಡಿಸಿದಳು. ಆಮೇಲೆ ಹೀಗೇ ಎರಡು ಸಲ, ಮೂರು ಸಲ. ಹುಡುಗರು ನನ್ನ ಮೇಜಿನ ಪಕ್ಕದಲ್ಲೇ ಹಾದುಹೋಗಿ "ರತ್ನಕ್ಕನ್ನ ಕೇಳಾಣ ಬಾರ್ಲಾ" ಎನ್ನತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

ಅವಳಿಗೆ ಸಿಗುವುದು ನನಗೇಕೆ ಸಿಗಬಾರದು ಎಂದು ಒಂದು ಭಾನುವಾರ ನಾನೂ ಹಾಸನಕ್ಕೆ ಹೋದೆ. ಹುಡುಕುವ ಚೌಕದಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ: ಮಾನ್ಯರೇ, ಹೊಳೆನರಸೀಪುರದ ನಮ್ಮ ಕೇಂದ್ರದ ನಾಲ್ಕನೇ ಕಂಪ್ಯೂಟರಿನಲ್ಲಿ ಶಬ್ದ ಬರುತ್ತಿಲ್ಲವಾದ ಕಾರಣ ದಯಮಾಡಿ ಪರಿಹಾರ ತಿಳಿಸಬೇಕಾಗಿ ವಿನಂತಿ. ಬಂದದ್ದು ನಮ್ಮೂರಿನ ದೇವಸ್ಥಾನದ ವಿವರ, ಒಂದು ವಧೂವರರ ಪಟ್ಟಿ. ಮರುದಿನ "ಇಂಟರ್ನೆಟ್ಟಿನಲ್ಲಿ ಏನೂ ಇಲ್ಲ" ಎಂದು ಸಾರಿದೆ. ಏನು ಬರೆದಿರಿ ಎಂದು ರತ್ನ ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಅದ್ಕೆ ಅರ್ಜಿ ಬರೀಬ್ಯಾಡಿ ಸಾ. ನಮ್ಮೂರು, ನಮ್ಮೆಸ್ರು ಎಲ್ಲಾ ತಗ್ದಾಕಿ. ತೆರೆ ಮ್ಯಾಲೆ ಏನ್ ಬಂತೋ ಅದ್ನ ಅಂಗೇ ಒತ್ತಿ, ಇಂದ್ಕೂ ಮುಂದ್ಕೂ, ಯಾರಾದ್ರೂ ಆಡಿದ್ ಮಾತು ಬರೆಯಾಗ ಹಾಕ್ತೀವಲ್ಲ, ಆ ಎರಡೆರಡು ಕೊಕ್ಕೆ ಹಾಕಿ. ನಮ್ಮವ್ವ ದನದ ಡಾಕ್ಟ್ರಿಗೆ ಹೇಳಾದೂ ಅಂಗೇಯ. ಅಸ ಮೇವು ಬುಟ್ಟದೆ, ಬಾಯಲ್ಲಿ ಜೊಲ್ಲು ಸುರೀತದೆ ಅಂತಾಳೆ. ಇಂಥಾ ಕಾಯ್ಲೆ ಅಂತ ತಾನೇ ಏಳಕ್ಕೋಗಲ್ಲ."

ಇನ್ನೊಂದು ಅಭ್ಯಾಸವಿತ್ತು ಅವಳಿಗೆ. ಉತ್ತರ ಸಿಕ್ಕಿ ಕೆಲಸವಾದ ಮೇಲೆ ಮುಂದಿನ ಶನಿವಾರ ಮತ್ತೆ ಅದೇ ಪುಟಕ್ಕೆ ಹೋಗಿ, ಹೇಗೆ ಸರಿಯಾಯಿತೆಂದು ಬರೆದು ಬರುತ್ತಿದ್ದಳು. ಕೆಲಸ ಮುಗಿದ ಮೇಲೆ ಬಸ್ ಚಾರ್ಜು ದಂಡವಲ್ಲವೇ ಎಂದೆ. "ನೀರು ಸೇದ್ಕಂಡ ಮ್ಯಾಲೆ ಅಗ್ಗ ಸುತ್ತಿಟ್ಟು ಬರಲ್ವಾ ಸಾ, ಆಮ್ಯಾಲೆ ಬರೋರ್ಗೆ?" ಎಂದಳು. ನನ್ನ ಡಿಪ್ಲೊಮಾಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದೆ. ಆವತ್ತು ಅದರ ಕಡೆ ನೋಡಲು ಮನಸ್ಸಾಗಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ನಾನು ಬರೀ ಸಣ್ಣ ಮನುಷ್ಯನಾಗಿ ಉಳಿಯುತ್ತಿದ್ದೆ. ರತ್ನ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗಾಗಿ ಆರನೇ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಪಾಠ ಬರೆದಿಡುತ್ತಿದ್ದಳು. ಮೌಸು ಹಿಡಿಯುವುದರಿಂದ ಹಿಡಿದು ಎಲ್ಲ, ಒಂದು ವರ್ಷದ ಕೆಲಸ. ಕೇಂದ್ರದ ಮಾಲೀಕರು ಓದಿ, "ಇದನ್ನ ಪುಸ್ತಕ ಮಾಡ್ಸೋಣಮ್ಮ, ಮೇಲ್ಗಡೆ ನಿನ್ನೆಸ್ರು ಹಾಕ್ಸಣ" ಎಂದುಬಿಟ್ಟರು. ನನ್ನೆದುರಿಗೇ. ಆ ವಾರ ನನಗೆ ಊಟ ರುಚಿಸಲಿಲ್ಲ.

ಮುಂದಿನ ತಿಂಗಳೇ ಆ ಕಂಪ್ಯೂಟರಿನ ಕನ್ನಡ ಬರೆಯುವ ಪ್ರೋಗ್ರಾಮು ಕೈಕೊಟ್ಟಿತು. ತೆರೆಯಲು ಹೋದರೆ ಒಂದೂವರೆ ಸಾಲಿನ ತಕರಾರು, ಕೊನೆಗೊಂದು ಅಂಕಿ. ಪಾಠಗಳೆಲ್ಲ ಒಳಗೇ ಸಿಕ್ಕಿಕೊಂಡವು. ಉತ್ತರ ಸಿಕ್ಕಿತೆಂದು ಶನಿವಾರ ಸಂಜೆಯೊಳಗೆ ರತ್ನ ಫೋನು ಮಾಡದಿದ್ದರೆ ಸೋಮವಾರ ಬೆಳಿಗ್ಗೆಯೇ ಹಾಸನದಿಂದ ರಿಪೇರಿಯವನನ್ನು ಕರೆಸುವುದಾಗಿ ಮಾಲೀಕರು ಹೇಳಿದರು. ಶನಿವಾರ ರತ್ನ ಸಾಲನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ನೋಟ್‌ಬುಕ್ಕಿನೊಳಗಿಟ್ಟು, ಕೈ ತೊಳೆಯಲು ಹೋದಳು. ನಾನು ಚೀಟಿ ತೆಗೆದು ನನ್ನ ದಪ್ಪ ಪುಸ್ತಕದೊಳಗೆ ಸೇರಿಸಿದೆ. ಇದೊಂದು ಸಲ ಅವಳು ಬರಿಗೈಯಲ್ಲಿ ಬರಲಿ ಎಂದಷ್ಟೇ ಇತ್ತು ನನ್ನ ಮನಸ್ಸಿನಲ್ಲಿ. ಅವಳು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ಸೋಮವಾರ ರತ್ನ ಊರಿನಿಂದ ಬರುತ್ತಿದ್ದ ಮಲ್ಲಿಪಟ್ಟಣದ ಬಸ್ಸು ತಲುಪುವ ಮೊದಲೇ ರಿಪೇರಿಯವನು ಬಂದು ಆ ಕಂಪ್ಯೂಟರನ್ನು ಪೂರಾ ಅಳಿಸಿ, ಎಲ್ಲ ಹೊಸದಾಗಿ ತುಂಬಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಪಾಠಗಳು ಒಳಗಿರುವುದು ಆಗ ನೆನಪಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ರತ್ನ ಬಂದು ನೋಡಿದಳು. ಪಾಠಗಳಿದ್ದ ಜಾಗವನ್ನು ಎರಡು ಸಲ ತೆರೆದು ಮುಚ್ಚಿದಳು. ಆಮೇಲೆ, "ಓಗ್ಲಿ ಬುಡಿ ಸಾ. ನಂದೇ ತಪ್ಪು. ಚೀಟಿ ಎಲ್ಲೋ ಬೀಳಿಸ್ಕಂಡ್ಬುಟ್ಟೆ. ನೆಪ್ಪಿದ್ದಷ್ಟು ಇಂಟರ್ನೆಟ್ಟಲ್ಲಿ ಬರ್ದು ಬಂದಿದ್ದೆ" ಎಂದಳು. ಪಾಠಗಳನ್ನು ಮತ್ತೆ ಬರೆಯಲಿಲ್ಲ. ವರ್ಷ ತುಂಬುವ ಮೊದಲೇ ಚನ್ನರಾಯಪಟ್ಟಣದ ಶಾಲೆಯೊಂದಕ್ಕೆ ಹೊರಟುಹೋದಳು. ನಾನು ಕಂಪ್ಯೂಟರ್ ಮೇಷ್ಟ್ರಾಗಿ ಉಳಿದೆ. ಕಾಫಿ ಮೊದಲಿನಂತೆಯೇ ಬರುತ್ತಿತ್ತು.

ಮೊನ್ನೆ ಚೀಟಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿದ್ದದ್ದನ್ನು ಇಂಟರ್ನೆಟ್ಟಿನ ಹುಡುಕುವ ಚೌಕದಲ್ಲಿ ಇದ್ದ ಹಾಗೇ ಒತ್ತಿದೆ, ಕೊಕ್ಕೆಗಳ ಸಮೇತ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಒಂದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿದರೆ ಸಾಕಿತ್ತು. ಐದು ನಿಮಿಷದ ಕೆಲಸ. ಮನಸ್ಸು ತಡೆಯದೆ, ಕೊಕ್ಕೆ ತೆಗೆದು ಆ ಕನ್ನಡ ಪ್ರೋಗ್ರಾಮಿನ ಹೆಸರು ಸೇರಿಸಿ ಮತ್ತೆ ಹುಡುಕಿದೆ. ಹಳೆಯ ಚರ್ಚೆಯ ಪುಟವೊಂದು ಸಿಕ್ಕಿತು. ಕೇಳಿದವರ ಹೆಸರು ರತ್ನ.

ಇಂಗ್ಲಿಷಿನಲ್ಲಿ ಬರೆದಿದ್ದಳು: ಸಾಲು ಬರೆದಿಟ್ಟ ಚೀಟಿ ಕಳೆದುಕೊಂಡಿದ್ದೇನೆ, ಕ್ಷಮಿಸಿ, ನೆನಪಿರುವುದು ಇಷ್ಟೇ. ಕೆಳಗೆ ಯಾರೋ, ಸರಿಯಾದ ಸಾಲು ಹೇಳದೆ ಏನೂ ಮಾಡಲಾಗದು ಎಂದಿದ್ದರು. ಅದರ ಕೆಳಗೆ ಒಂದು ವಾರದ ನಂತರ ಮತ್ತೆ ಅವಳೇ: ನನಗೆ ಇನ್ನು ಬೇಡ, ಕಂಪ್ಯೂಟರ್ ಅಳಿಸಿಬಿಟ್ಟರು, ಆದರೆ ಉತ್ತರ ಗೊತ್ತಾದವರು ಇಲ್ಲಿ ಬರೆದಿಡಿ, ಬೇರೆ ಯಾರಿಗಾದರೂ ಬೇಕಾದೀತು. ಎಲ್ಲ ಕಳೆದುಕೊಂಡ ಮೇಲೂ ಅಷ್ಟು ಬರೆಯಲಿಕ್ಕೆಂದು ಅವಳು ಹಾಸನಕ್ಕೆ ಹೋಗಿದ್ದಳು. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಅವಳ ಜಾಗದಲ್ಲಿ ನಾನಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಕೆಳಗೆ ಬರೆಯುವ ಚೌಕ ಇನ್ನೂ ತೆರೆದೇ ಇತ್ತು. ಅಭ್ಯಾಸಬಲದಿಂದ ಮಾನ್ಯರೇ ಎಂದು ಶುರು ಮಾಡಿ ಅಳಿಸಿದೆ. ಚೀಟಿಯಲ್ಲಿದ್ದ ಸಾಲನ್ನು ಅಕ್ಷರ ಬಿಡದೆ ಒತ್ತಿದೆ. ಫೈಲನ್ನು ಎಲ್ಲಿಂದ ಎಲ್ಲಿಗೆ ಹಾಕಬೇಕೆಂದು ಬರೆದೆ. ಕೊನೆಗೆ ಕನ್ನಡದಲ್ಲಿ: "ರತ್ನ ಅವರೇ, ಚೀಟಿಯನ್ನು ನೀವು ಕಳೆದುಕೊಳ್ಳಲಿಲ್ಲ. ನಾನು ತೆಗೆದಿಟ್ಟುಕೊಂಡೆ."

ಅದರ ಕೆಳಗೆ ನನ್ನ ಹೆಸರು, ಹೊಳೆನರಸೀಪುರ ಎಂದು ಹಾಕಿದೆ. ಊರು, ಹೆಸರು ತೆಗೆಯಿರಿ ಎಂದು ಅವಳು ಹೇಳಿಕೊಟ್ಟಿದ್ದಳು, ನಿಜ. ಆದರೆ ಯಾರು ಎಂದು ಅವಳಿಗೆ ಗೊತ್ತಾಗಬೇಕಲ್ಲ.