ಎಣ್ಣೆ ಟ್ಯಾಂಕಿಗೊಬ್ಬ ನೀರುಗಂಟಿ

ಆಗ ನನ್ನ ಗಂಟಲಲ್ಲಿ ಐದಾರು ಜನ ಬಾಡಿಗೆಗಿದ್ದರು. ಕಾರ್ಖಾನೆಯ ಸೂಪರ್‌ವೈಸರ್, ಕ್ಯಾಂಟೀನಿನ ಭಟ್ಟರು, ವೈಟ್‌ಫೀಲ್ಡ್ ಬಸ್ಸಿನ ಕಂಡಕ್ಟರ್, ರೇಡಿಯೋದಲ್ಲಿ ವಾರ್ತೆ ಓದುವವರು, ನಮ್ಮವ್ವ, ನಮ್ಮವ್ವನ ಎಮ್ಮೆ. ಇಷ್ಟು ಜನರ ನಡುವೆ ಮಾಲೀಕನಿಗೇ ಜಾಗವಿರಲಿಲ್ಲ. ನನ್ನ ಸ್ವಂತ ದನಿ ಎಣ್ಣೆ ಕಾಣದ ಬಾವಿ ರಾಟೆಯಂತಿತ್ತು. ಆದ್ದರಿಂದ ಅದನ್ನು ಆದಷ್ಟೂ ಹೊರಗೆ ಬಿಡುತ್ತಿರಲಿಲ್ಲ.

ದೊಡ್ಡನೆಕ್ಕುಂದಿ ದಾಟಿ ಕುಂದಲಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು ನಮ್ಮ ಕಾರ್ಖಾನೆ. ಕಬ್ಬಿಣ ಕಾಯಿಸಿ, ಬಡಿದು, ಟ್ರ್ಯಾಕ್ಟರಿನ ಬಿಡಿಭಾಗ ಮಾಡುವುದು ಅಲ್ಲಿನ ಕೆಲಸ. ಕುಲುಮೆಗಳು ಉರಿಯುತ್ತಿದ್ದುದು ಫರ್ನೆಸ್ ಆಯಿಲಿನಿಂದ. ನಾವು ಅದನ್ನು ಕರಿ ಎಣ್ಣೆ ಎನ್ನುತ್ತಿದ್ದೆವು. ಅದು ಕಾಕಂಬಿಯಷ್ಟು ಮಂದ, ಅಂಗಿಗೆ ಹತ್ತಿದರೆ ಅಂಗಿ ಹರಿದರೂ ಹೋಗದು. ಈ ಎಣ್ಣೆಯ ಎರಡು ಟ್ಯಾಂಕುಗಳು ಕಾಂಪೌಂಡಿನ ತಗ್ಗಿನ ಮೂಲೆಯಲ್ಲಿ ಅಕ್ಕತಂಗಿಯರಂತೆ ಕೂತಿದ್ದವು. ಸುತ್ತ ಸೊಂಟದೆತ್ತರದ ಗೋಡೆ. ಟ್ಯಾಂಕು ಸೋರಿದರೆ ಎಣ್ಣೆ ಆ ಗೋಡೆಯೊಳಗೇ ನಿಲ್ಲಬೇಕು ಎಂಬುದು ಲೆಕ್ಕಾಚಾರ. ಆದರೆ ಮಳೆಗಾಲದಲ್ಲಿ ಅಲ್ಲಿ ನೀರೂ ನಿಲ್ಲುತ್ತಿತ್ತಲ್ಲ! ಅದನ್ನು ಹೊರಗೆ ಬಿಡಲು ಗೋಡೆಯ ಬುಡದಲ್ಲೊಂದು ಪೈಪು, ಪೈಪಿಗೊಂದು ಚಕ್ರದ ವಾಲ್ವು. ಪೈಪಿನಾಚೆ ಕಾಲುವೆ, ಕಾಲುವೆಯ ಕೊನೆಗೆ ನಮ್ಮೂರ ಕೆರೆ.

ಆ ವಾಲ್ವಿನ ಉಸ್ತುವಾರಿ ಒಬ್ಬ ಮುದುಕನದು. ಅವನು ನಮ್ಮೂರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಅವನ ತಾತನ ಕಾಲದಿಂದ ಬಂದದ್ದು. ಮೇಲಿನ ಜಮೀನು ಕಾರ್ಖಾನೆಗೆ ಹೋದಾಗ ಅವನಿಗೆ ಟ್ಯಾಂಕ್ ಯಾರ್ಡಿನಲ್ಲಿ ಕೆಲಸ ಕೊಟ್ಟರು. ಅವನು ಖಾಕಿ ಅಂಗಿ ತೊಟ್ಟನೇ ಹೊರತು ಮಾತು ಬದಲಿಸಲಿಲ್ಲ. ಗೋಡೆಗೆ 'ಏರಿ' ಎನ್ನುತ್ತಿದ್ದ, ವಾಲ್ವಿಗೆ 'ತೂಬು' ಎನ್ನುತ್ತಿದ್ದ. ಸೋಮವಾರ ವಾಲ್ವಿಗೆ ಒಂದು ದಾಸವಾಳದ ಹೂವನ್ನೂ ಸಿಕ್ಕಿಸುತ್ತಿದ್ದ. ನಾನು ಕ್ಯಾಂಟೀನಿನಲ್ಲಿ ಬೆನ್ನು ಬಗ್ಗಿಸಿ, ಕೈಯಲ್ಲೊಂದು ಲೋಟ ಹಿಡಿದು, "ತೂಬವ್ವಾ, ಕಾಪಾಡವ್ವಾ" ಎಂದು ಅವನಂತೆ ಕೈ ಮುಗಿದರೆ ಭಟ್ಟರಿಗೂ ನಗು ತಡೆಯುತ್ತಿರಲಿಲ್ಲ.

ಸೂಪರ್‌ವೈಸರ್ ಬಿಳಿ ಪ್ಯಾಂಟಿನ ಮನುಷ್ಯ. ಎಣ್ಣೆಯ ಕಲೆಗೆ ಹೆದರಿ ಯಾರ್ಡಿನತ್ತ ಸುಳಿಯುತ್ತಿರಲಿಲ್ಲ. ಮಳೆ ನಿಂತ ಮೇಲೆ ಕುಲುಮೆ ಮನೆಯ ಮೂಲೆಯಲ್ಲಿ ನಿಂತು ಕೂಗುತ್ತಿದ್ದರು. ಮೊದಲು ಎರಡು ಸಲ ಗಂಟಲು ಕೆರೆದುಕೊಳ್ಳುವುದು, ಆಮೇಲೆ ಮೂಗಿನಿಂದ, "ಏಯ್, ಯಾರಪ್ಪಾ ಅಲ್ಲಿ! ನೀರು ಬಿಡು! ಕ್ವಿಕ್ಕು, ಕ್ವಿಕ್ಕು!" ಮುದುಕ ತಕ್ಷಣ ಬಿಡುತ್ತಿರಲಿಲ್ಲ. ಅಷ್ಟು ದೂರ ನಿಧಾನವಾಗಿ ನಡೆದು ಬಂದು, ಸಾಹೇಬರ ಮುಖ ನೋಡಿ, "ಬಂದು ನೋಡ್ತೀರಾ ಸೋಮಿ?" ಎನ್ನುತ್ತಿದ್ದ. ಅವರು "ಹೋಗಪ್ಪಾ, ಬಿಡಪ್ಪಾ" ಎಂದು ಕೈಯಾಡಿಸಿದ ಮೇಲೆ ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆದುಹೋಗಿ ಚಕ್ರ ತಿರುಗಿಸುತ್ತಿದ್ದ. ಅವನಿಗೆ ಕಿವಿ ಮಂದ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಒಂದು ದಿನ ಇರುಳೆಲ್ಲ ಮಳೆ ಹೊಯ್ದು ಬೆಳಿಗ್ಗೆ ಬಿಸಿಲು ಬಂತು. ಸೂಪರ್‌ವೈಸರ್ ಕೆಲಸದ ಮೇಲೆ ಸಿಟಿಗೆ ಹೋಗಿದ್ದರು. ದಿನಾ ಟ್ಯಾಂಕಿನ ಏಣಿ ಹತ್ತಿ, ಅಳತೆಯ ಪಟ್ಟಿ ಇಳಿಬಿಟ್ಟು, ಎಷ್ಟು ಎಣ್ಣೆ ಇದೆ ಎಂದು ನೋಡುವುದು ನನ್ನ ಕೆಲಸ. ಏಣಿ ಒದ್ದೆಯಾಗಿದೆ ಎಂಬ ಘನ ಕಾರಣ ಕೊಟ್ಟುಕೊಂಡು ನಾನು ಕುಲುಮೆ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಕುಲುಮೆಯವನು ಕೋಲಾರದ ಗಣಿಯ ಕಡೆಯಿಂದ ಬಂದವನು, ನನ್ನ ಆಟಗಳಿಗೆ ಖಾಯಂ ಪ್ರೇಕ್ಷಕ.

"ಮಚ್ಚಾ, ಸಾಹೇಬ್ರಿಲ್ದೆ ಬೋರಾಗ್ತಿದೆ. ಒಂದ್ಸಲ ಕರ್ಸು ಅವರ್ನ," ಎಂದ.

"ಕರ್ಸಿದ್ರೆ ಏನ್ಕೊಡ್ತೀಯ?"

"ಇನ್ನರ್ಧ ಚಾ."

ಅರ್ಧ ಚಹಾಕ್ಕೆ ನಾನು ಯಾರನ್ನು ಬೇಕಾದರೂ ಕರೆಸುತ್ತಿದ್ದೆ. ಮೂಲೆಗೆ ಹೋಗಿ ನಿಂತೆ, ಎರಡು ಸಲ ಗಂಟಲು ಕೆರೆದೆ, ಮೂಗನ್ನು ಬಿಗಿಹಿಡಿದು ಕೂಗಿದೆ: "ಏಯ್, ಯಾರಪ್ಪಾ ಅಲ್ಲಿ! ನೀರು ಬಿಡು! ಕ್ವಿಕ್ಕು, ಕ್ವಿಕ್ಕು!" ಹಾಗೆ ಕೂಗಿ ಪೀಪಾಯಿಯ ಹಿಂದೆ ಅವಿತುಕೊಂಡೆ. ಮುದುಕ ಅಷ್ಟು ದೂರ ನಡೆದು ಬಂದು, ಸಾಹೇಬರನ್ನು ಹುಡುಕಿ, ತಲೆ ಕೆರೆದುಕೊಳ್ಳುವುದನ್ನು ನೋಡಬೇಕಿತ್ತು.

ಮುದುಕ ಬರಲೇ ಇಲ್ಲ. ಚಹಾ ಮುಗಿಯಿತು, ಬೀಡಿ ಮುಗಿಯಿತು, ಆಗಲೂ ಬರಲಿಲ್ಲ. "ಇವತ್ತು ಕಿವಿ ನೆಟ್ಟಗಾಗಿರ್ಬೇಕು, ಸೀದಾ ಬಿಟ್ಬಿಟ್ಟ," ಎಂದು ಕುಲುಮೆಯವನು ನಕ್ಕ. ನನಗೂ ಸ್ವಲ್ಪ ಹೆಮ್ಮೆಯೇ ಆಯಿತು. ಅಸಲಿ ಸಾಹೇಬರ ಕೂಗಿಗೆ ಆಗದ ಕೆಲಸ ನನ್ನ ಕೂಗಿಗೆ ಆಗಿತ್ತಲ್ಲ.

ಅಷ್ಟರಲ್ಲಿ ಕುಲುಮೆಯ ಬೆಂಕಿ ಕೆಮ್ಮತೊಡಗಿತು. ಎರಡು ಸಲ ಭುಗ್ ಎಂದು ಎದ್ದು ಸಣ್ಣಗಾಯಿತು. ಕುಲುಮೆಯವನು ಪಂಪಿನ ಮೇಲೆ ಕೈಯಿಟ್ಟು ನೋಡಿದ. ಅವನ ನಗು ಹೋಯಿತು.

"ಮಚ್ಚಾ, ಆಯಿಲ್ ಬರ್ತಿಲ್ಲ. ಲೈನ್ ಎಲ್ಲೋ ಒಡ್ದಿದೆ."

ಟ್ಯಾಂಕಿನಿಂದ ಎಣ್ಣೆ ಹೊರಟಿದೆ, ಕುಲುಮೆಗೆ ಬರುತ್ತಿಲ್ಲ ಎಂದಾದರೆ ಎಲ್ಲಿಗೆ ಹೋಗುತ್ತಿದೆ? ಗೋಡೆಯೊಳಗಿನ ನೀರಿಗೆ. ಆ ನೀರನ್ನು ಬಿಡು ಎಂದು ಈಗ ತಾನೇ ಕೂಗಿದ್ದು ಯಾರು? ಕಾಲುವೆ ಹೋಗುವುದು ಕೆರೆಗೆ. ಕೆರೆಯಲ್ಲಿ ಊರಿನ ದನವೆಲ್ಲ ನೀರು ಕುಡಿಯುತ್ತಿತ್ತು. ಅವತ್ತು ಬೆಳಿಗ್ಗೆ ಕೆಲಸಕ್ಕೆ ಬರುವಾಗ ನಮ್ಮ ಎಮ್ಮೆಯನ್ನು ಅಲ್ಲಿಗೆ ಬಿಟ್ಟು ಬಂದವನೂ ನಾನೇ. ಕೆರೆಯ ಮೇಲೆ ಆ ಕರಿ ಎಣ್ಣೆ ಹಾಸಿಕೊಂಡರೆ ಯಾವ ದನಿಯಲ್ಲಿ ಅತ್ತರೂ ಅದು ಹೋಗುವಂತಿರಲಿಲ್ಲ.

ಓಡಿದೆ. ಕೆಸರಿನಲ್ಲಿ ಒಮ್ಮೆ ಅಂಗಾತ, ಒಮ್ಮೆ ಬೋರಲು ಬಿದ್ದೆ. ಎದ್ದು ಗೋಡೆಯ ಮೇಲೆ ಬಗ್ಗಿ ನೋಡಿದರೆ, ಮೊಳಕಾಲುದ್ದದ ನೀರಿನ ಮೇಲೆ ಎಣ್ಣೆ ಕರಿ ಕಂಬಳಿಯಂತೆ ಹರಡಿತ್ತು. ಮುದುಕ ಟ್ಯಾಂಕಿನ ಬುಡದಲ್ಲಿ ನಿಂತು, ಪೈಪಿನ ಜೋಡಣೆಗೆ ಗೋಣಿಚೀಲ ಬಿಗಿಯುತ್ತಿದ್ದ. ನನಗೆ ಎಷ್ಟು ದಿಗಿಲಾಗಿತ್ತೆಂದರೆ, ಬಾಯಿ ತೆರೆದರೆ ಬಂದದ್ದು ಸೂಪರ್‌ವೈಸರ್ ದನಿಯೇ.

"ಏಯ್, ನೀರು ಬಿಟ್ಟೆಯೇನಪ್ಪಾ!"

"ಇಲ್ಲ ಸೋಮಿ. ನೀವೇ ಇಳ್ದು ಬಂದು ನೋಡಿ," ಎಂದ ಮುದುಕ, ತಿರುಗದೆಯೇ. ಆಮೇಲೆ ತಿರುಗಿ, ಕೆಸರಿನ ಬೊಂಬೆಯಾಗಿ ನಿಂತಿದ್ದ ನನ್ನನ್ನು ನೋಡಿದ. "ಓ, ನೀನಾ! ಅಂಗಾರೆ ಆಗ್ಲೇ ಕೂಗಿದ್ದೂ ನೀನೇನಾ?"

"ಊ ತಾತ."

"ವಸಿ ಚೆಂದಾಗೇ ಕೂಗ್ದೆ. ಅವ್ರೇ ಅಂದ್ಕಂಡಿದ್ದೆ."

"ಮತ್ತೆ ಯಾಕೆ ಬಿಡ್ಲಿಲ್ಲ?"

"ಕೂಗಿಗೆ ತೂಬು ಎತ್ತಾಕಿಲ್ಲ ಕಣ್ಲಾ. ನಮ್ಮಪ್ಪ ನಂಗೆ ಏಳ್ಕೊಟ್ಟಿದ್ದು ಅದೊಂದೇಯ. ಮ್ಯಾಗಳ ಗದ್ದೆಯೋನು ಬಿಡು ಅಂತ ಕೂಗ್ತಾನೆ, ಕೆಳಗಳ ಗದ್ದೆಯೋನು ಕಟ್ಟು ಅಂತ ಕೂಗ್ತಾನೆ. ಕೂಗ್ದೋರ ಮಾತು ಕೇಳಿದ್ರೆ ಕೆರೆ ಉಳೀತದಾ? ಬೇಕಾದೋನು ಬಂದು ಮಕ ತೋರಿಸ್ಬೇಕು. ಅವ್ನು ಬಂದು ಏಳಿದ್ರೂವೆ, ನಾನು ನೀರಿಗೆ ಕೈ ಇಟ್ಟು ನೋಡ್ದೆ ತೂಬು ಮುಟ್ಟಾಕಿಲ್ಲ." ತನ್ನ ಬಲಗೈ ಎತ್ತಿ ತೋರಿಸಿದ. ಮೊಣಕೈವರೆಗೂ ಕರ್ರಗಿತ್ತು. "ನೀ ಕೂಗ್ದಾಗ ಸಾಹೇಬ್ರ ಹತ್ರ ಬರಾನ ಅಂತ ಹೊಂಟೆ. ಮೊದ್ಲು ಕೈ ಇಟ್ಟು ನೋಡಾನ ಅಂತ ಇಟ್ರೆ ಇಂಗಾಯ್ತು. ಇಳ್ದು ನೋಡಿದ್ರೆ ಜೋಡಣೆ ಸೋರ್ತಾ ಅದೆ. ಟ್ಯಾಂಕಿಂದ ಎಣ್ಣೆ ಹೊಂಡೋ ತೂಬೇ ಕಟ್ಬುಟ್ಟೆ."

ಕುಲುಮೆಯ ಬೆಂಕಿ ಸಣ್ಣಗಾದದ್ದು ಅದಕ್ಕೆ. ನನ್ನನ್ನು ಹೆದರಿಸಿ ಓಡಿಸಿದ್ದು ಅನಾಹುತದ ಸುಳಿವಲ್ಲ, ಅನಾಹುತವನ್ನು ಮುದುಕ ಆಗಲೇ ಕಟ್ಟಿಹಾಕಿದ್ದಾನೆಂಬ ಸುಳಿವು. ಗೋಡೆಯ ಮೇಲೆ ಕೂತುಬಿಟ್ಟೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಕೂತ್ಕಂಡು ನಗ್ತಾನೆ ನೋಡು. ಇಳಿಯಲಾ, ಬಕೀಟು ತಗಾ."

ಮಧ್ಯಾಹ್ನದವರೆಗೆ ನಾವಿಬ್ಬರೂ ಕುಲುಮೆಯವನೂ ಸೇರಿ ಎಣ್ಣೆಯನ್ನು ಮೊಗೆಮೊಗೆದು ಪೀಪಾಯಿಗಳಿಗೆ ತುಂಬಿದೆವು. ಸೂಪರ್‌ವೈಸರ್ ಬಂದಾಗ ನಮ್ಮಲ್ಲಿ ಯಾರು ಯಾರೆಂದು ಅವರಿಗೆ ಗುರುತು ಸಿಗಲಿಲ್ಲ. ಗೋಡೆಯಿಂದ ನಾಲ್ಕು ಮಾರು ದೂರದಲ್ಲೇ ನಿಂತು, "ಸದ್ಯ! ನೀರು ಬಿಡು ಅಂತ ಯಾರೂ ಹೇಳ್ಲಿಲ್ವಲ್ಲ," ಎಂದರು.

"ನೀವೇ ಏಳ್ದಂಗಾಯ್ತು ಸೋಮಿ," ಎಂದ ಮುದುಕ.

"ನಾನು ಸಿಟೀಲಿದ್ನಲ್ಲಪ್ಪಾ!"

ಮುದುಕ ಬಕೀಟಿನೊಳಗೆ ನೋಡತೊಡಗಿದ. ಕುಲುಮೆಯವನು ಆಕಾಶ ನೋಡಿದ. ಉಳಿದವನು ನಾನೊಬ್ಬ.

"ನಾನೇ ಸಾರ್, ಕೂಗಿದ್ದು."

"ಇದ್ಯಾರ ದನಿ ಈಗ?" ಎಂದರು ಅವರು, ಬೆಚ್ಚಿಬಿದ್ದು.

"ನಂದೇ ಸಾರ್."

ಅವರು ಕೇಳಿದ್ದು ಎರಡೇ. ಮಾಡಿ ತೋರಿಸು ಎಂದರು, ತೋರಿಸಿದೆ. ಆಮೇಲೆ ಕುಲುಮೆಯವನತ್ತ ತಿರುಗಿ, "ನಾನು ಹೀಗೆ ಮೂಗಲ್ಲಿ ಮಾತಾಡ್ತೀನೇನ್ರೀ?" ಎಂದರು. "ಇಲ್ಲ ಸಾರ್, ಇವ್ನು ಸ್ವಲ್ಪ ಕಮ್ಮಿ ಮಾಡ್ದ," ಎಂದುಬಿಟ್ಟ ಪಾಪಿ. ಆ ವಾರವೆಲ್ಲ ಯಾರ್ಡು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸ ಹೋಗಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ತೂಬವ್ವನಿಗೆ ಕೈ ಮುಗಿದೆ. ಮುಂದಿನ ಮಳೆಗೆ ಸೂಪರ್‌ವೈಸರ್ ಬಿಳಿ ಪ್ಯಾಂಟನ್ನು ಮೊಳಕಾಲಿಗೆ ಮಡಿಸಿಕೊಂಡು ತಾವೇ ಗೋಡೆಯವರೆಗೆ ನಡೆದು ಬಂದರು. ಮುದುಕ ಅವರ ಕೈಯನ್ನೂ ನೀರಿಗೆ ಅದ್ದಿಸಿದ ಮೇಲೆಯೇ ಚಕ್ರ ತಿರುಗಿಸಿದ.

ಎಣ್ಣೆ ಸೋರಿದ ಆ ದಿನ ಸಂಜೆ ಮನೆಗೆ ಹೋಗುವಾಗ ಕಾಲುವೆಯ ಉದ್ದಕ್ಕೂ ನೋಡುತ್ತ ಹೋದೆ. ಕೆಂಪು ಮಳೆನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಮನಸ್ಸು ಕೇಳಬೇಕಲ್ಲ. ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಆದರೆ ಎಮ್ಮೆಗೆ ಕರಿ ಎಣ್ಣೆ ಹತ್ತಿದೆಯೋ ಇಲ್ಲವೋ ನೋಡಿ ತಿಳಿಯುವುದು ಹೇಗೆ? ಒಳಗಿಂದ ಅವ್ವ ಒಗೆದಿಟ್ಟಿದ್ದ ಬಿಳಿ ಟವಲು ತಂದು ಅದರ ಕೊಂಬಿನಿಂದ ಬಾಲದವರೆಗೆ ತಿಕ್ಕಿ, ಟವಲನ್ನು ಮೂಗಿಗೆ ಹಿಡಿದು ನೋಡಿದೆ. ಕೆರೆಯ ಕೆಸರಿನ ವಾಸನೆ, ಅಷ್ಟೇ.

"ಏನ್ಲಾ, ಎಮ್ಮೆಗೆ ಮದ್ವೆನಾ?" ಎಂದಳು ಅವ್ವ ಬಾಗಿಲಲ್ಲಿ ನಿಂತು.

ಎಮ್ಮೆ ನನಗಿಂತ ಮೊದಲೇ ಉತ್ತರ ಕೊಟ್ಟಿತು. ಅದೂ ಸ್ವಂತ ದನಿಯಲ್ಲಿ.